ಮಂಗಳಾಷ್ಟಕದ ನಡುವೆ ಐರಿಶ್ ಬಾಜಾ

ಗಂಡ ತೀರಿಕೊಂಡ ಹೆಂಗಸಿಗೆ ಪುಕ್ಕಟೆ ಸಲಹೆಗಳ ಕೊರತೆ ಇರುವುದಿಲ್ಲ. ನನ್ನ ಗಂಡ ಬದುಕಿದ್ದಾಗ ಒಂದು ಸಲವೂ ನಮ್ಮ ಮನೆಯ ಹೊಸ್ತಿಲು ತುಳಿಯದವರು ಬಂದು, ಗೋಡೆಗೆ ಒರಗಿ ಕೂತು, ಎರಡೆರಡು ಸಲ ಚಹಾ ಕುಡಿದು, ನಾನು ಮುಂದೆ ಹೇಗೆ ಬದುಕಬೇಕೆಂದು ಹೇಳಿ ಹೋದರು. ಎಲ್ಲರ ಮಾತೂ ಒಂದೇ: ಮನಸ್ಸನ್ನು ಯಾವುದರಲ್ಲಾದರೂ ತೊಡಗಿಸಬೇಕು. ಆ 'ಯಾವುದಾದರೂ' ಯಾವುದು ಎಂಬುದನ್ನೂ ಅವರೇ ಗೊತ್ತು ಮಾಡಿಕೊಂಡು ಬಂದಿದ್ದರು. ಅದು ಭಜನೆ. ನಾನು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೀದರಿನ ಮನೆಯಿಂದ ದಿನಾ ರೈಲಿಗೆ ಓಡಾಡುತ್ತೇನೆ, ಮಕ್ಕಳ ಉತ್ತರಪತ್ರಿಕೆ ತಿದ್ದುತ್ತೇನೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳಿಗೆ ಡಬ್ಬಿ ಕಟ್ಟುತ್ತೇನೆ. ಇಷ್ಟೆಲ್ಲದರಲ್ಲಿ ತೊಡಗಿದ ಮನಸ್ಸು ಅವರ ಕಣ್ಣಿಗೆ ಖಾಲಿಯಾಗಿ ಕಂಡಿತ್ತು.

ಆಗಲಿ ಅಂತ ಒಂದು ಸಲ ನಮ್ಮ ಓಣಿಯ ಭಜನಾ ಮಂಡಳಿಗೆ ಹೋದೆ. ನನ್ನ ಕೈಗೆ ತಾಳ ಕೊಟ್ಟರು. ಎಲ್ಲಿ ಕೂಡಬೇಕೆಂದು ನೋಡುತ್ತಿದ್ದಾಗ ಮಂಡಳಿಯ ಹಿರಿಯರೊಬ್ಬರು ನಗುನಗುತ್ತ, "ಟೀಚರ್, ನೀವು ಅಲ್ಲೇ ಗ್ವಾಡಿಗಿ ಆತುಕೊಂಡು ಕೂಡ್ರಿ, ನಿಮಗ ಆರಾಮ ಆಗ್ತದ" ಅಂದರು. ಗೋಡೆಯ ಪಕ್ಕ ಎಲ್ಲರ ಚಪ್ಪಲಿಗಳಿದ್ದವು. ಕೊನೆಗೆ ಅರಿಷಿಣ ಕುಂಕುಮದ ತಟ್ಟೆ ಬಂತು. ನನ್ನ ಬಲಗಡೆಯವರಿಂದ ಎಡಗಡೆಯವರಿಗೆ ಅದು ನನ್ನ ಮೂಗಿನ ಮುಂದೆಯೇ ದಾಟಿಹೋಯಿತು. ಯಾರೂ ನನ್ನನ್ನು ಹೊರಗೆ ಹೋಗು ಅನ್ನಲಿಲ್ಲ. ನಮ್ಮ ಕಡೆ ಅವಮಾನವನ್ನೂ 'ರಿ' ಹಚ್ಚಿಯೇ ಮಾಡುತ್ತಾರೆ. ತಾಳವನ್ನು ಅವರಿಗೆ ವಾಪಸು ಕೊಟ್ಟು ಮನೆಗೆ ಬಂದೆ.

ಆದರೆ ಹಾಡುವವರ ನಡುವೆ ಕೂತು ಬಂದಿದ್ದೆನಲ್ಲ, ಏನೋ ಒಂದು ಹತ್ತಿಕೊಂಡಿತ್ತು. ಬೀದರಿನ ವಾದ್ಯದ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಬೋಳು ಹಣೆ ನೋಡಿದವರೇ ಹಾರ್ಮೋನಿಯಂ ತೆಗೆದಿಟ್ಟರು. ಅದನ್ನು ನಾನು ಎಲ್ಲಿ ಮುಚ್ಚಿಡಲಿ? ಗಾಜಿನ ಪೆಟ್ಟಿಗೆಯಲ್ಲಿ ಮೌತ್ ಆರ್ಗನ್ ಕಂಡಿತು. ನಮ್ಮ ಕಡೆ ಅದಕ್ಕೆ ಬಾಜಾ ಅನ್ನುತ್ತಾರೆ. ವ್ಯಾನಿಟಿ ಬ್ಯಾಗಿನಲ್ಲಿ ಕನ್ನಡಕದ ಡಬ್ಬಿಯ ಪಕ್ಕ ಮಲಗಿಬಿಡುತ್ತದೆ, ಯಾರಿಗೂ ಕಾಣುವುದಿಲ್ಲ. "ಯಾರಿಗಿ ಕೊಡ್ಲಕ್ರಿ? ಮೊಮ್ಮಕ್ಕಳಿಗೇನು?" ಅಂತ ಅಂಗಡಿಯವರು ಕೇಳಿದರು. ನನಗೆ ಮೊಮ್ಮಕ್ಕಳಿರಲಿಲ್ಲ. "ಹೂಂ" ಅಂದೆ.

ಇನ್ನು ಕಲಿಯುವುದು ಏನನ್ನು? ಇದು ಬಾಜಾ ಕೊಳ್ಳುವುದಕ್ಕಿಂತ ಕಷ್ಟದ ಪ್ರಶ್ನೆಯಾಗಿತ್ತು. ಸಿನಿಮಾ ಹಾಡು ಬಾರಿಸಿದರೆ, ಗಂಡ ಹೋಗಿ ವರ್ಷವಾಗಿಲ್ಲ, ಇವಳಿಗೆ ಹುರುಪು ನೋಡಿ ಅನ್ನುತ್ತಾರೆ. ಭಕ್ತಿಗೀತೆ ಬಾರಿಸಿದರೆ, ಪಾಪ, ಬದುಕಿನ ಆಸೆ ಬಿಟ್ಟಳು ಅಂತ ಮತ್ತೆ ಚಹಾ ಕುಡಿಯಲು ಬರುತ್ತಾರೆ. ದುಃಖದ ಹಾಡು ಬಾರಿಸಿದರೆ ಊರಿಗೆ ಕೇಳುವ ಹಾಗೆ ಅಳುತ್ತಾಳೆ ಅನ್ನುತ್ತಾರೆ. ಕೇಳಿದವರಿಗೆ ಇದು ಅಳುವೋ ಕುಣಿತವೋ ಗೊತ್ತಾಗಬಾರದು, ಅಂಥದ್ದೊಂದು ಬೇಕಿತ್ತು.

ಫೋನಿನಲ್ಲಿ ಹುಡುಕುತ್ತ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಕಲಿಸುವ ಹುಡುಗರನ್ನೆಲ್ಲ ದಾಟಿದ ಮೇಲೆ ಒಬ್ಬ ಐರಿಶ್ ಮುದುಕ ಸಿಕ್ಕ. ತನ್ನ ಅಡುಗೆಮನೆಯಲ್ಲೇ ಕೂತಿದ್ದ. ಮೊಣಕೈ ಹರಿದ ಸ್ವೆಟರ್, ಹಿಂದೆ ತೊಳೆಯದ ಪಾತ್ರೆ, ಕಾಲಡಿ ಮಲಗಿದ ನಾಯಿ. ತನ್ನ ಊರಿನ ಹಳೆಯ ಧಾಟಿಗಳನ್ನು ಬಾಜಾದ ಮೇಲೆ ಬಾರಿಸುವುದು ಹೇಗೆ ಅಂತ ತೋರಿಸುತ್ತಿದ್ದ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಬೆಂಗಳೂರಿನಿಂದ ಬಂದ ಅಧಿಕಾರಿಗಳು ನಮ್ಮ ಕನ್ನಡ ಕೇಳಿ ಮುಖ ಸಿಂಡರಿಸುತ್ತಾರಲ್ಲ, ಅವನಿಗೂ ಅಂಥದ್ದೇ ಗತಿ ಬಂದಿರಬೇಕು ಅನ್ನಿಸಿ ಅವನ ಮೇಲೆ ಪ್ರೀತಿ ಹುಟ್ಟಿತು. ಒಂದು ಧಾಟಿ ಬಾರಿಸಿ ಹೇಳಿದ: ಇದನ್ನು ನಾವು ಮದುವೆಗೂ ಬಾರಿಸುತ್ತೇವೆ, ಹೆಣ ಇಟ್ಟ ಮನೆಯಲ್ಲೂ ಬಾರಿಸುತ್ತೇವೆ; ಒಂದಕ್ಕೆ ಬೇಗ, ಇನ್ನೊಂದಕ್ಕೆ ನಿಧಾನ, ಅಷ್ಟೇ. ನಾನು ಫೋನ್ ಹಿಡಿದುಕೊಂಡು ಎದ್ದು ನಿಂತೆ. ನನಗೆ ಬೇಕಾಗಿದ್ದದ್ದು ಇದೇ.

ಈ ಧಾಟಿಗೆ ಜಿಗ್ ಅನ್ನುತ್ತಾರಂತೆ. ಬೆರಳಲ್ಲಿ ಎಣಿಸಿದರೆ ನಮ್ಮ ಭಜನೆಯ ಆರು ಮಾತ್ರೆಯ ದಾದ್ರಾ ತಾಳವೇ. ಎರಡು ತುಂಡು ಇರುತ್ತವೆ. ಮೊದಲ ತುಂಡನ್ನು ಎರಡು ಸಲ, ಎರಡನೆಯದನ್ನು ಎರಡು ಸಲ, ಮತ್ತೆ ಮೊದಲಿನಿಂದ. ಗಾಣದ ಎತ್ತಿನ ಹಾಗೆ ತಿರುಗುತ್ತಲೇ ಇರುವುದು. ಹಾಗಾದರೆ ಮುಗಿಯುವುದು ಎಲ್ಲಿ? ಬಾರಿಸುವವರಿಗೆ ಸಾಕು ಅನ್ನಿಸಿದಲ್ಲಿ, ಅಂದ ಮುದುಕ. ಬರೆದುಕೊಂಡು ಕಲಿಯಬೇಡಿ, ಕೇಳಿ ಕಲಿಯಿರಿ ಅಂತಲೂ ಅಂದ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬರೆದುಕೊಳ್ಳಿ ಬರೆದುಕೊಳ್ಳಿ ಅಂತಲೇ ಬದುಕಿದ ನನಗೆ ಇದರಿಂದ ಸ್ವಲ್ಪ ನೋವಾಯಿತು.

ಬಾಜಾ ಅಂದರೆ ಮಕ್ಕಳ ಆಟ ಅಂತ ತಿಳಿದಿದ್ದೆ. ಊದಿದರೆ ಒಂದು ಸ್ವರ, ಒಳಗೆ ಎಳೆದರೆ ಇನ್ನೊಂದು. ಒಂದು ತೂತಿಗೆ ಬಾಯಿ ಇಟ್ಟರೆ ಅಕ್ಕಪಕ್ಕದ ತೂತುಗಳೂ ಕರೆಯದೆ ಬಂದುಬಿಡುತ್ತವೆ, ನಮ್ಮ ನೆಂಟರ ಹಾಗೆ. ಬೇಡದವುಗಳನ್ನು ನಾಲಿಗೆಯಿಂದ ಮುಚ್ಚಬೇಕು. ನಾಲಿಗೆಯನ್ನು ಮಾತಾಡಲಿಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿ ಗೊತ್ತಿಲ್ಲದವಳು ನಾನು. ತುಟಿ ಸುಲಿದು ಹೋಯಿತು, ದವಡೆ ಹಿಡಿದುಕೊಂಡಿತು. ಶಾಲೆ ಬಿಟ್ಟ ಮೇಲೆ ರೈಲಿನ ಹೊತ್ತಾಗುವವರೆಗೆ ಲ್ಯಾಬಿನ ಬಾಗಿಲು ಹಾಕಿಕೊಂಡು ಊದುತ್ತಿದ್ದೆ. ಮೂಲೆಯಲ್ಲಿ ಅಸ್ಥಿಪಂಜರ ತೂಗುತ್ತಿತ್ತು. ಇಡೀ ಜಿಲ್ಲೆಯಲ್ಲಿ ನನ್ನ ಬಗ್ಗೆ ಏನೂ ಅಭಿಪ್ರಾಯ ಇಲ್ಲದೆ ಕೇಳಿದ್ದು ಅದೊಂದೇ.

ಇನ್ನೊಂದು ಪೇಚು. ಈ ಬಾಜಾದಲ್ಲಿ ಕೆಳಗಿನ ಸಪ್ತಕದ ಎರಡು ಸ್ವರ ಇಲ್ಲವೇ ಇಲ್ಲ. ಮಾಡಿದವರೇ ಬಿಟ್ಟಿದ್ದಾರೆ. ನನ್ನ ಧಾಟಿಗೆ ಅವುಗಳಲ್ಲಿ ಒಂದು ಬೇಕೇ ಬೇಕು. ಮುದುಕನ ವಿಡಿಯೊದಲ್ಲಿ ಅದಕ್ಕೂ ಉತ್ತರವಿತ್ತು: ಇಲ್ಲದ ಸ್ವರ ಬಂದಾಗ ಒಂದು ಸಣ್ಣ ಉಸಿರು ತೆಗೆದುಕೊಳ್ಳಿ, ಮುಂದಿನದಕ್ಕೆ ಹೋಗಿ, ಕೇಳುವವರ ಕಿವಿ ಅದನ್ನು ತುಂಬಿಕೊಳ್ಳುತ್ತದೆ. ಅವನು ಹೇಳಿದ್ದು ಬಾಜಾದ ಬಗ್ಗೆ. ನಾನು ಅಂದು ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅತ್ತೆ, ಅತ್ತು ಮುಗಿಸುವಷ್ಟರಲ್ಲಿ ರೈಲು ತಪ್ಪಿಸಿಕೊಂಡು ಬಸ್ಸಿಗೆ ನಿಂತುಕೊಂಡೇ ಬೀದರಿಗೆ ಬಂದೆ. ಆದರೆ ಕೇಳುವವರ ಕಿವಿ ತುಂಬಿಕೊಳ್ಳುತ್ತದೆ ಅಂದದ್ದು ಶುದ್ಧ ಸುಳ್ಳು. ನನ್ನ ಮಗಳು ರೊಟ್ಟಿ ಬಡಿಯುತ್ತ ಆ ಧಾಟಿ ಗುನುಗುವಾಗ ಅಲ್ಲಿ ಬಿಕ್ಕಳಿಕೆ ಬಂದವಳಂತೆ ನಿಂತು ಮುಂದೆ ಹೋಗುತ್ತಾಳೆ. ಅವಳ ಪಾಲಿಗೆ ಐರ್ಲೆಂಡಿನವರು ಹಾಗೇ ಹಾಡುವುದು.

ಮನೆಯಲ್ಲೂ ಬಾರಿಸತೊಡಗಿದ ಮೇಲೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು ಕಾಳಜಿಯಿಂದ ಕೇಳಿದರು: "ನಿಮ್ಮ ಮನ್ಯಾಗ ಯಾರಿಗರ ದಮ್ಮು ಅದ ಏನ್ರಿ ಟೀಚರ್? ಒಂದೇ ಸವನ ಉಸಿರು ಎಳದಂಗ ಕೇಳಸ್ತದ."

"ಬಾಜಾ ಕಲೀಲಿಕತ್ತೇನ್ರಿ" ಅಂದೆ.

"ಡಾಕ್ಟರ್ ಹೇಳ್ಯಾರೇನು? ದಮ್ಮಿಗಿ ಚೊಲೋ ಅಂತಾರ ನೋಡ್ರಿ" ಅಂತ ತಾವೇ ತೀರ್ಮಾನ ಮಾಡಿ ಇಳಿದುಹೋದರು. ಸಂಜೆಯೊಳಗೆ ಓಣಿಗೆಲ್ಲ ನನಗೆ ದಮ್ಮು ಹತ್ತಿತ್ತು. ತಮಾಷೆ ಏನೆಂದರೆ, ಅಂದಿನಿಂದ ಯಾರೂ ತಕರಾರು ಮಾಡಲಿಲ್ಲ. ಗಂಡ ಸತ್ತವಳು ಖುಷಿಗೆ ಊದಿದರೆ ತಪ್ಪು, ಕಾಯಿಲೆಗೆ ಊದಿದರೆ ಪಾಪ. ಭಜನಾ ಮಂಡಳಿಯವರು ಕಷಾಯದ ಪುಡಿ ಕಳಿಸಿಕೊಟ್ಟರು. ಅದನ್ನು ಚಹಾಕ್ಕೆ ಹಾಕಿ ಕುಡಿದೆ, ಚೆನ್ನಾಗಿತ್ತು.

ಗಂಡನ ಮನೆ ಔರಾದ ತಾಲ್ಲೂಕಿನ ಡಾಬಕಾ. ಅಲ್ಲಿ ನಮ್ಮ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಮನೆತನದ ಹಿರಿಯರು. ಒಳ್ಳೆಯವರೇ. ಮರಾಠಿ ಪೇಪರ್ ಒಂದು, ಕನ್ನಡ ಪೇಪರ್ ಒಂದು ತರಿಸಿ ಎರಡನ್ನೂ ಓದಿ, ಎರಡರಲ್ಲೂ ಇಲ್ಲದ ಅಭಿಪ್ರಾಯ ಹೇಳುವವರು. ಹಬ್ಬಕ್ಕೆ ಹೋದಾಗ ಮಗಳು ಬೇಕೆಂತಲೇ ಅವರ ಮುಂದೆ ನನ್ನ ಕೈಯಲ್ಲಿ ಬಾಜಾ ಇಟ್ಟಳು. ಬಾರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ತಕರಾರಿಗೆ ಜಾಗ ಹುಡುಕುತ್ತಿದ್ದಾರೆಂದು ಮುಖದಲ್ಲೇ ಕಾಣುತ್ತಿತ್ತು.

"ಇದು ಸಿನಿಮಾದ್ದೇನ್ರಿ?"

"ಅಲ್ರಿ."

"ದೇವರದು?"

"ಅಲ್ರಿ ಭಾವನವರ. ಐರ್ಲೆಂಡಿಂದು."

ಬಹಳ ಹೊತ್ತು ಯೋಚಿಸಿ, "ಹಂಗಾದ್ರ ಇರ್ಲಿ ಬಿಡ್ರಿ" ಅಂದರು. ಐರ್ಲೆಂಡಿನ ಬಗ್ಗೆ ನಮ್ಮ ಮನೆತನದಲ್ಲಿ ಯಾವ ಪದ್ಧತಿಯೂ ಇರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಮಗಳ ಮದುವೆ ಗೊತ್ತಾಯಿತು. ಹುಡುಗ ಭಾಲ್ಕಿ ತಾಲ್ಲೂಕಿನ ಸಾಯಗಾಂವದವನು. ಇಬ್ಬರೂ ತಾವೇ ಮೆಚ್ಚಿಕೊಂಡು, ಆಮೇಲೆ ನಮಗೆ ಮೆಚ್ಚಿಕೊಳ್ಳುವ ಅವಕಾಶ ಕೊಟ್ಟಿದ್ದರು. ಭಾಲ್ಕಿಯಲ್ಲೇ ಒಂದು ಫಂಕ್ಷನ್ ಹಾಲ್ ಹಿಡಿದೆವು. ಸೀರೆ, ಅಡುಗೆ, ಪತ್ರಿಕೆ, ಎಲ್ಲ ಓಡಾಟ ನನ್ನದೇ. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ. ಮದುವೆಗೆ ವಾರ ಇರುವಾಗ ಡಾಬಕಾದಲ್ಲಿ ನಮ್ಮನ್ನು ಕೂಡಿಸಿ ಭಾವನವರು ಮಾತು ತೆಗೆದರು.

"ನಿಮ್ಮ ಮಗಳ ಮದಿವಿ, ನೀವ ಮುಂದ ನಿಂತು ಮಾಡ್ರಿ. ಕನ್ಯಾದಾನ ನಾವು ಗಂಡ ಹೆಂಡತಿ ಮಾಡ್ತೇವಿ. ನೀವು ಬರೇ ಮುಹೂರ್ತದ ಹೊತ್ತಿಗಿ ಜರಾ ಖೋಲ್ಯಾಗ ಕೂಡ್ರಿ. ಅಷ್ಟ."

ಮುಂದೆ ನಿಂತುಕೊಂಡು ಖೋಲಿಯಲ್ಲಿ, ಅಂದರೆ ಒಳಗಿನ ಕೋಣೆಯಲ್ಲಿ, ಕೂಡುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ. "ಯಾಕ್ರಿ?" ಅಂದೆ.

"ನಮ್ಮದೇನಿಲ್ರಿ! ನಾವೇನ್ ಹಳೇ ಕಾಲದವರಾ? ಬೀಗರ ಕಡಿ ಮಂದಿ ಏನಂತಾರ, ಅದು ನೋಡಬೇಕಲ್ಲ."

ಸಾಯಗಾಂವದ ಬೀಗಿತ್ತಿಗೆ ಫೋನ್ ಮಾಡಿದೆ. "ಅಯ್ಯ, ನಮ್ಮದೇನಿಲ್ರಿ ಟೀಚರ್! ನಿಮ್ಮ ಭಾವನವರೇ ಹೇಳ್ಯಾರ, ನಿಮ್ಮ ಮನ್ಯಾಗ ಹಂಗ ಪದ್ಧತಿ ಅಂತ. ನಡುವ ನಾವ್ಯಾಕ ಬಾಯಿ ಹಾಕ್ಬೇಕು?" ಅಂದರು. ಪುರೋಹಿತರನ್ನು ಕೇಳಿದೆ. "ನಮ್ಮದೇನದ ತಾಯಿ, ಹಿರಿಯರು ಹ್ಯಾಂಗ ಅಂತಾರ ಹಂಗ" ಅಂದರು. ಹಿರಿಯರು ಭಾವನವರು, ಭಾವನವರಿಗೆ ಬೀಗರು, ಬೀಗರಿಗೆ ಮತ್ತೆ ಭಾವನವರು. ಯಾರ ಮನೆಯಲ್ಲಿ ಹುಡುಕಿದರೂ 'ಮಂದಿ' ಮಾತ್ರ ಪಕ್ಕದ ಮನೆಗೆ ಹೋಗಿರುತ್ತಿದ್ದರು. ಮಗಳು ಸಿಟ್ಟಾಗಿ, "ಹಂಗಾದ್ರ ನಾ ರಜಿಸ್ಟ್ರಿ ಮದಿವಿ ಆಗ್ತೇನಿ, ಎಲ್ಲಾರೂ ಖೋಲ್ಯಾಗ ಕೂಡ್ರಿ" ಅಂದಳು. ಅವಳನ್ನು ನಾನೇ ತಡೆದೆ. ಫಂಕ್ಷನ್ ಹಾಲಿಗೆ, ಅಡುಗೆಯವರಿಗೆ ಹೇಳಿಯಾಗಿತ್ತು, ಪತ್ರಿಕೆ ಹಂಚಿಯಾಗಿತ್ತು, ಅವಳ ಮದುವೆ ನನ್ನ ಹೆಸರಿನಲ್ಲಿ ಕೆಡಬಾರದು ಅಂತ. ಆದರೂ ಅವಳನ್ನು ಹೆತ್ತ ದಿನ ಯಾರೂ ನನಗೆ ಖೋಲಿಯಲ್ಲಿ ಕೂಡು ನಾವು ಹೆರುತ್ತೇವೆ ಅಂದಿರಲಿಲ್ಲ.

ಆಗ ಮಗಳು ಬೇರೆ ದಾರಿ ಹಿಡಿದಳು. ನಮ್ಮ ಕಡೆ ಮದುವೆಯಲ್ಲಿ ಒಂದು ರೂಢಿ ಇದೆ. ಮುಹೂರ್ತದ ಹೊತ್ತಿಗೆ ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದು ಮಂಗಳಾಷ್ಟಕ ಹೇಳುತ್ತಾರೆ. ಪುರೋಹಿತರು ಒಂದೆರಡು ಹೇಳಿದ ಮೇಲೆ ನೆಂಟರಲ್ಲಿ ಯಾರಿಗೆ ಹುರುಪಿದೆಯೋ ಅವರು ಮೈಕಿಗೆ ಬಂದು, ಕನ್ನಡದಲ್ಲೋ ಮರಾಠಿಯಲ್ಲೋ ತಾವು ಕಟ್ಟಿದ್ದನ್ನು ಹಾಡುತ್ತಾರೆ. ಹಾಡಲು ಬರದವರಿಗೇ ಹುರುಪು ಹೆಚ್ಚು. ಒಂದೊಂದು ನುಡಿ ಮುಗಿದಾಗಲೂ 'ಸಾವಧಾನ' ಅಂದ ಕೂಡಲೇ ಮಂದಿ ಅಕ್ಷತೆ ಎಸೆಯುತ್ತಾರೆ. ಎಲ್ಲ ಮುಗಿದ ಮೇಲೆ ಅಂತರಪಟ ಸರಿಯುತ್ತದೆ, ಬ್ಯಾಂಡು ಹೊಡೆಯುತ್ತದೆ. "ಅಲ್ಲಿ ನಮ್ಮವ್ವ ಬಾಜಾ ಬಾರಿಸ್ಬೇಕು. ಇಲ್ಲಂದ್ರ ನಾ ಅಂತರಪಟದ ಹಿಂದ ನಿಂದ್ರಾಂಗಿಲ್ಲ" ಅಂದಳು ಮಗಳು.

ಭಾವನವರು ಅಡ್ಡಾಡಿ ಅಡ್ಡಾಡಿ ಯೋಚಿಸಿದರು. ವಿದೇಶಿ ವಾದ್ಯ, ವಿದೇಶಿ ಸಂಗೀತ, ಅಂಥದ್ದು ಬೀಗರ ಮುಂದೆ ಆದರೆ ಮನೆತನದ ಇಜ್ಜತ್ತು ಒಂದು ಗೇಣು ಏರುತ್ತದೆ. ಆದರೆ ಅದರ ಹಿಂದೆ ನಾನಿದ್ದೇನೆ. ಕೊನೆಗೆ ಮುಖ ಬೆಳಗಿತು. "ಮೈಕಿನ ವೈರ್ ಖೋಲಿತನಕ ಎಳಿಸಿಬಿಡ್ತೇನಿ. ಆವಾಜ್ ಬರ್ಲಿ. ನೀವು ಬರೂದು ಬ್ಯಾಡ. ಎಲ್ಲಾರಿಗೂ ಬರಾಬರ್ ಆಯ್ತಲ್ರಿ?" ಅಂದರು. ಅಂದರೆ ನನ್ನ ಉಸಿರು ಶುಭ, ಮುಖ ಮಾತ್ರ ಅಶುಭ. ನಾನು ಒಪ್ಪಿದೆ. ಮಗಳ ಮದುವೆಯಲ್ಲಿ ನಾನು ಎಲ್ಲಾದರೂ ಇರಬೇಕಿತ್ತು, ಸ್ಪೀಕರಿನಲ್ಲಾದರೂ ಸರಿ.

ಮದುವೆಯ ದಿನ ಎಲ್ಲ ಸುಸೂತ್ರವಾಗಿತ್ತು. ಮುಹೂರ್ತ ಹತ್ತಿರ ಬಂದಂತೆ ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಬಂದು ನನ್ನ ಮುಖ ನೋಡದೆ, "ನಡೀರಿ, ಅಲ್ಲಿ ಫ್ಯಾನ್ ಅದ" ಅಂದರು. ವೇದಿಕೆಯ ಪಕ್ಕದ ಖೋಲಿ. ಸೂಟಕೇಸುಗಳು, ಹೂವಿನ ಬುಟ್ಟಿಗಳು, ಯಾರದೋ ಮಗುವಿನ ಒದ್ದೆ ಚಡ್ಡಿ. ಫ್ಯಾನ್ ಇತ್ತು, ನಿಜ. ಬಾಗಿಲನ್ನು ಅರ್ಧ ಎಳೆದುಕೊಂಡು ಹೋದರು. ಆ ಸಂದಿಯಲ್ಲಿ ನನಗೆ ವಿಡಿಯೊ ತೆಗೆಯುವವರ ಬೆನ್ನು ಕಾಣುತ್ತಿತ್ತು, ಬೇರೇನೂ ಇಲ್ಲ. ಮಗಳು ನಿಂತದ್ದು ಅದರ ಆಚೆ ಎಲ್ಲೋ.

ಪುರೋಹಿತರು ಹೇಳಿದರು. ಬೀಗರ ಅಳಿಯ ಹಾಡಿದರು, ಔರಾದಿನಿಂದ ಬಂದ ನಮ್ಮ ಕಡೆಯವರೊಬ್ಬರು ಗಂಟಲು ಹರಿಯುವಂತೆ ಹಾಡಿದರು. ಆಮೇಲೆ ಸ್ಪೀಕರಿನಲ್ಲಿ ಭಾವನವರ ದನಿ: "ಈಗ ನಮ್ಮ ಮನೆತನದ ಕಡಿಯಿಂದ ವಿದೇಶಿ ಮಂಗಳಾಷ್ಟಕ! ಐರ್ಲೆಂಡ್ ದೇಶದ್ದು! ಇಂಥಾದ್ದು ನಮ್ಮ ಜಿಲ್ಲಾದಾಗ ಯಾರ ಮದಿವ್ಯಾಗೂ ಆಗಿಲ್ಲ!" ಬಾರಿಸುವವರು ಯಾರೆಂದು ಹೇಳಲಿಲ್ಲ. ಹುಡುಗಿಯ ತಾಯಿ ಅನ್ನುವಷ್ಟರಲ್ಲಿ ಮೈಕು ಕೆಡುತ್ತಿತ್ತೋ ಏನೋ.

ಖೋಲಿಗೆ ಎಳೆದಿದ್ದ ಇನ್ನೊಂದು ಮೈಕನ್ನೂ ಬಾಜಾವನ್ನೂ ಒಟ್ಟಿಗೆ ಅಂಗೈಯಲ್ಲಿ ಹಿಡಿದು ಶುರು ಮಾಡಿದೆ. ಬೇಗ ಬಾರಿಸಬೇಕೆಂದೇ ಮನೆಯಲ್ಲಿ ರೂಢಿ ಮಾಡಿದ್ದೆ. ಬಂದದ್ದು ನಿಧಾನವಾಗಿ. ಆ ಖೋಲಿಯಲ್ಲಿ ಕೂತು ಬೇಗ ಬಾರಿಸುವುದು ನನ್ನಿಂದ ಆಗಲಿಲ್ಲ. ಮೊದಲ ತುಂಡು ಮುಗಿದು ಒಂದು ಉಸಿರು ತೆಗೆದುಕೊಂಡೆ, ಹೊರಗೆ ಸರ್ ಅಂತ ಸದ್ದಾಯಿತು. ಮಂದಿ ಅಕ್ಷತೆ ಎಸೆದಿದ್ದರು! ಒಂದು ನುಡಿ ಆಯಿತು ಅಂತ ತಿಳಿದಿದ್ದರು. ಅದೇ ತುಂಡನ್ನು ಎರಡನೇ ಸಲ ಬಾರಿಸಿದೆ, ಮತ್ತೆ ಸರ್. ಎರಡನೆಯ ತುಂಡಿಗೂ ಸರ್. ಇಲ್ಲದ ಸ್ವರಕ್ಕೆ ನಿಂತಲ್ಲಿ ಕೂಡ ಅವಸರದವರು ಒಂದಿಷ್ಟು ಎಸೆದರು.

ಒಂದೇ ಸುತ್ತಿನಲ್ಲಿ ಮುಗಿಸಬೇಕೆಂದು ಮಾತಾಗಿತ್ತು. ಸುತ್ತು ಮುಗಿಯುತ್ತ ಬಂತು. ನಾನು ನಿಲ್ಲಿಸಿದರೆ ಅಂತರಪಟ ಸರಿಯುತ್ತದೆ, ಮಗಳು ತಲೆಯೆತ್ತುತ್ತಾಳೆ, ಅದನ್ನು ಹಾಲಿನಲ್ಲಿ ಎಲ್ಲರೂ ನೋಡುತ್ತಾರೆ, ನೆಂಟರ ನೆಂಟರೂ ನೋಡುತ್ತಾರೆ, ನಾನು ಬೆನ್ನು ನೋಡುತ್ತೇನೆ. ಬೇಡ ಅನ್ನಿಸಿತು. ಜೀವ ಹೋದರೂ ಬೇಡ ಅನ್ನಿಸಿತು. ನಿಲ್ಲಿಸಲಿಲ್ಲ, ಮತ್ತೆ ಮೊದಲಿನಿಂದ ಹಿಡಿದೆ.

ಆ ಸುತ್ತೂ ಮುಗಿದು ಮತ್ತೊಂದು ಶುರುವಾದಾಗ ಭಾವನವರು ಬಾಗಿಲಿಗೆ ಬಂದರು. ಬೆವರಿದ್ದರು. "ಸಾಕ್ರಿ, ಮುಗಸ್ರಿ" ಅಂತ ಪಿಸುಗುಟ್ಟಿ ಮೈಕಿಗೆ ಕೈ ಚಾಚಿದರು. ಅಷ್ಟರಲ್ಲಿ ವೇದಿಕೆಯಿಂದ ಪುರೋಹಿತರ ಕೂಗು ಕೇಳಿತು: "ಯಜಮಾನರ, ನಡುವ ನಿಂದ್ರಸಬ್ಯಾಡ್ರಿ! ಅಕ್ಷತಿ ಬಿದ್ದಾವ! ಮಂಗಳಾಷ್ಟಕ ಅರ್ಧಕ್ಕ ನಿಂತ್ರ ವಧೂವರರಿಗಿ ಛಲೋ ಅಲ್ರಿ!"

ಭಾವನವರ ಕೈ ಗಾಳಿಯಲ್ಲೇ ನಿಂತಿತು. ತಾವೇ ಮೈಕಿನಲ್ಲಿ ಇದನ್ನು ಮಂಗಳಾಷ್ಟಕ ಅಂದಿದ್ದರು, ಹಾಲ್ ತುಂಬ ಮಂದಿ ಅಕ್ಷತೆ ಎಸೆದು ಅದಕ್ಕೆ ಸಾಕ್ಷಿ ಹೇಳಿದ್ದರು. "ಇದು ಮುಗಿಯೂದು ಎಲ್ಲಿರಿ?" ಅಂತ ಅಳುವ ದನಿಯಲ್ಲಿ ಕೇಳಿದರು. ಬಾಯಲ್ಲಿ ಬಾಜಾ ಇತ್ತು, ನಾನು ಉತ್ತರ ಕೊಡುವ ಹಾಗಿರಲಿಲ್ಲ. ಅದು ಎಲ್ಲಿ ಮುಗಿಯುತ್ತದೆಂದು ಭಾಲ್ಕಿಯಲ್ಲಿ ಅಂದು ಗೊತ್ತಿದ್ದವಳು ನಾನೊಬ್ಬಳೇ.

ಎದ್ದು ನಿಂತೆ. ಬಾರಿಸುತ್ತಲೇ ಬಾಗಿಲಿಗೆ ನಡೆದೆ. ವೈರು ನನ್ನ ಹಿಂದೆ ಹರಿದು ಬಂತು, ಬಾಗಿಲಲ್ಲಿ ಬಿಗಿಯಿತು. ನೋಡಿದರೆ ಅದರ ಮೇಲೆ ಭಾವನವರ ಕಾಲು. ಎಳೆದರೆ ಮೈಕಿನಿಂದ ವೈರು ಕಿತ್ತು ಬರುತ್ತದೆ, ಕಿತ್ತು ಬಂದರೆ ಮಂಗಳಾಷ್ಟಕ ಅರ್ಧಕ್ಕೆ ನಿಲ್ಲುತ್ತದೆ. ಅದನ್ನು ಅವರೂ ತಿಳಿದರು. ಅವರು ನನ್ನ ಮುಖ ನೋಡಿದರು, ನಾನು ಅವರ ಕಾಲು ನೋಡಿದೆ. ಕಾಲೆತ್ತಿದರು.

ಹೊರಗೆ ಬಂದೆ. ತುಂಡು ಮುಗಿಯಿತು, ಮಂದಿ ಅಭ್ಯಾಸಬಲದಿಂದ ಮತ್ತೆ ಅಕ್ಷತೆ ಎಸೆದರು. ಬ್ಯಾಂಡಿನ ಹಿರಿಯರು ಪ್ರತಿ ತುಂಡಿಗೂ ಕೋಲು ಎತ್ತಿ, ಇನ್ನೂ ಮುಗಿದಿಲ್ಲ ಅಂತ ಇಳಿಸುತ್ತಿದ್ದರು. ಅಂತರಪಟ ಹಿಡಿದವರ ತೋಳು ಸೋತು ಬಟ್ಟೆ ನಡುವೆ ಜೋತುಬಿದ್ದಿತ್ತು. ಮುಂದಿನ ಸಾಲಿನ ಹೆಂಗಸರ ಕೈಯಲ್ಲಿ ಅಕ್ಷತೆ ಮುಗಿದು, ಸೀರೆಯ ನೆರಿಗೆಯಲ್ಲಿ ಸಿಕ್ಕಿದ್ದನ್ನು ಆರಿಸುತ್ತಿದ್ದರು. ನೆಗೆಣ್ಣಿಯವರು ಅಡುಗೆಮನೆಗೆ ಯಾರನ್ನೋ ಓಡಿಸಿದರು. ಪಲಾವಿಗೆ ತೊಳೆದಿಟ್ಟ ಅಕ್ಕಿ ಬಾಂಡೆಯಲ್ಲೇ ಬಂತು. ಮುಂದಿನ ತುಂಡಿಗೆ ಮದುಮಗನ ಮೇಲೆ ಬಿದ್ದದ್ದು ಒದ್ದೆ ಅಕ್ಕಿ. ಹಿಂದಿನ ಸಾಲಿನಿಂದ ಯಾರೋ, "ಏ, ಇವರು ಹುಡುಗಿ ತಾಯಿ ಅಲ್ಲೇನ್ರಿ? ಎಷ್ಟ್ ಛಲೋ ಬಾರಸ್ತಾರ!" ಅಂದರು. ಇನ್ನೊಬ್ಬರು, "ಅವರಿಗಿ ದಮ್ಮು ಅದ ಅಂತಿದ್ರಲ್ಲ!" ಅಂದರು. ನನಗೆ ನಗು ಬಂದು ಒಂದು ಸ್ವರ ತಪ್ಪಿತು. ಯಾರಿಗೂ ಗೊತ್ತಾಗಲಿಲ್ಲ.

ಧಾಟಿ ಯಾವಾಗ ಬೇಗವಾಯಿತೋ ನನಗೆ ಗೊತ್ತಿಲ್ಲ. ವೇದಿಕೆಯ ಮೆಟ್ಟಿಲು ಹತ್ತುವಾಗ ನನ್ನ ಕಾಲೇ ತಾಳ ಹಾಕುತ್ತಿತ್ತು. ಪುರೋಹಿತರು ಮುಹೂರ್ತ ಮೀರಿದ್ದು ಕಾಣದಂತೆ ಗಡಿಯಾರವನ್ನು ಶಾಲಿನಲ್ಲಿ ಮುಚ್ಚಿಕೊಂಡು ಸರಿದು ನನಗೆ ಜಾಗ ಬಿಟ್ಟರು. ಮಗಳ ಪಕ್ಕ ಹೋಗಿ ನಿಂತೆ. ಅವಳು ನನ್ನ ಕಡೆ ತಿರುಗಿದಳು. ಹಚ್ಚಿದ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು, ಆದರೂ ಹಲ್ಲು ಕಾಣುವಂತೆ ನಗುತ್ತಿದ್ದಳು. ಇಷ್ಟು ವರ್ಷದಲ್ಲಿ ನಾನು ಅಷ್ಟು ಸುಖಪಟ್ಟ ಗಳಿಗೆ ಇನ್ನೊಂದಿಲ್ಲ. ಎರಡನೆಯ ತುಂಡನ್ನು ಪೂರ್ತಿ ಬಾರಿಸಿ ನಿಲ್ಲಿಸಿದೆ.

ಯಾರೂ ನಂಬಲಿಲ್ಲ. ಎಲ್ಲರೂ ಮುಷ್ಟಿ ಎತ್ತಿಕೊಂಡು, ಮುಂದಿನದಕ್ಕೆ ಕಾಯುತ್ತ ನಿಂತಿದ್ದರು.

"ಮುಗೀತೇನ್ರಿ ತಾಯಿ?" ಪುರೋಹಿತರು ಕೇಳಿದರು.

"ಮುಗೀತ್ರಿ" ಅಂದೆ.

"ಸಾವಧಾನ!" ಅಂತ ಅವರು ಕೂಗಿದ್ದೇ ತಡ, ಅಂತರಪಟ ಸರಿಯಿತು, ಬ್ಯಾಂಡಿನವರು ಅಷ್ಟು ಹೊತ್ತು ತಡೆದುಕೊಂಡಿದ್ದನ್ನೆಲ್ಲ ಒಮ್ಮೆಗೇ ಹೊಡೆದರು, ಒಣ ಅಕ್ಕಿ ಒದ್ದೆ ಅಕ್ಕಿ ಎಲ್ಲ ಕಡೆಯಿಂದ ಬಂತು. ನನ್ನ ಕೈ ಖಾಲಿ ಇತ್ತು. ಗಂಡ ಸತ್ತವಳ ಕೈಗೆ ಯಾರು ಅಕ್ಷತೆ ಕೊಡುತ್ತಾರೆ? ಮಗಳು ಗಂಡನ ತಲೆಗೆ ಹಾಕಲೆಂದು ಹಿಡಿದುಕೊಂಡಿದ್ದ ಬೊಗಸೆಯಲ್ಲಿ ಅರ್ಧ ನನ್ನ ಅಂಗೈಗೆ ಸುರಿದಳು. ಭಾವನವರು ಅಲ್ಲೇ ಕೆಳಗೆ ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ನಾನು ಎಸೆದೆ. ಅವಳ ತಲೆಯ ಮೇಲೆ ಬಿತ್ತು, ಅವನ ತಲೆಯ ಮೇಲೆ ಬಿತ್ತು, ಪೇಟದ ಅಂಚಿನಲ್ಲಿ ಒಂದಿಷ್ಟು ನಿಂತಿತು. ಎಲ್ಲರೂ ಒಂದು ಗಳಿಗೆ ನೋಡಿದರು. ಏನೂ ಆಗಲಿಲ್ಲ. ಮಂದಿ ಊಟದ ಪಂಕ್ತಿ ಹಿಡಿಯಲು ಎದ್ದು ಓಡಿದರು. ಮಗಳು ಉಳಿದದ್ದನ್ನೂ ನನ್ನ ಕೈಗೆ ಹಾಕಿ, "ಇನ್ನಾ ಒಗಿ ಅವ್ವಾ" ಅಂದಳು. ಒಗೆದೆ.